ಗೃಹಜ್ಯೋತಿ ಇರುವಾಗ ತಾರಸಿಗೆ ಸೋಲಾರ್ ಯಾಕೆ?

ಕರ್ನಾಟಕದಲ್ಲಿ ತಾರಸಿ ಸೋಲಾರ್ ಮಾತೆತ್ತಿದರೆ ಸಾಕು, "ಕರೆಂಟು ಬಿಲ್ಲೇ ಸೊನ್ನೆ ಬರ್ತಿದೆ, ಮತ್ತೆ ಇದಕ್ಕೆ ದುಡ್ಡು ಯಾಕೆ ಸುರೀಬೇಕು?" ಅಂತ ಕೇಳುತ್ತಾರೆ. ನಿಜವಾಗಿಯೂ ಸೊನ್ನೆ ಬರುತ್ತಿದ್ದರೆ ಸುರಿಯಬೇಡಿ. ನಿಮ್ಮ ಮಟ್ಟಿಗೆ ಲೆಕ್ಕ ಅಲ್ಲಿಗೇ ಮುಗಿಯಿತು.

ಆದರೆ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಗೀಸರ್, ಇಂಡಕ್ಷನ್ ಒಲೆ, ಎ.ಸಿ. ಎಲ್ಲ ಇದ್ದು 300ರ ಹತ್ತಿರ ಓಡುವ ಮನೆಗೆ ಸೋಲಾರ್ ವಿಚಾರ ಬೇರೆ.

ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಬಂತು. ತಾರಸಿ ಸೋಲಾರ್‌ಗೆ ಅದು ಕೊಡುವ ಸಬ್ಸಿಡಿ ಹೀಗಿದೆ: ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000. ಅದರಾಚೆಗೆ ಬಿಡಿಗಾಸೂ ಇಲ್ಲ. ಹಾಗಾಗಿ "ಸರ್, ಐದು ಕಿಲೋವ್ಯಾಟ್ ಹಾಕಿಸಿಬಿಡಿ" ಅನ್ನುವವರ ಮಾತಿಗೆ ತಲೆಯಾಡಿಸುವ ಮುನ್ನ ಹಿಂದಿನ ಹನ್ನೆರಡು ತಿಂಗಳ ಬಿಲ್ಲು ನೋಡಿ. ಸಬ್ಸಿಡಿ ಬರುವುದು ಕೆಲಸ ಮುಗಿದು ಮೀಟರು ಕೂತ ಮೇಲೆ, ನಿಮ್ಮ ಬ್ಯಾಂಕ್ ಖಾತೆಗೆ; ಮೊದಲು ಪೂರ್ತಿ ಹಣ ಹೊಂದಿಸಿಕೊಳ್ಳಬೇಕು, ಇಲ್ಲವೇ ಸಾಲ ಮಾಡಬೇಕು. ಸಬ್ಸಿಡಿ ಸಿಗಬೇಕಾದರೆ ಪ್ಯಾನೆಲ್ಲಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ತೀರಾ ಅಗ್ಗದ ದರ ಹೇಳುವವರು ಯಾವ ಪ್ಯಾನೆಲ್ ಕೊಡುತ್ತಿದ್ದಾರೆ ಎಂದು ಇಲ್ಲೇ ವಿಚಾರಿಸಬೇಕು.

ಮೂರು ಕಿಲೋವ್ಯಾಟ್‌ಗೆ ಎರಡು ಲಕ್ಷದ ಆಸುಪಾಸು ಅಂದುಕೊಳ್ಳಿ. ಸಬ್ಸಿಡಿ ಕಳೆದು 1,22,000. ದಿನಕ್ಕೆ ಸರಾಸರಿ 12 ಯೂನಿಟ್ ಬರುತ್ತದೆ, ಮಳೆಗಾಲದಲ್ಲಿ ಇನ್ನೂ ಕಡಿಮೆ. 2024ರಲ್ಲಿದ್ದ ದರ, ಯೂನಿಟ್‌ಗೆ 5.90ರಂತೆ 300 ಯೂನಿಟ್ ಉಳಿದರೆ ತಿಂಗಳಿಗೆ 1,770. ಹಾಕಿದ ಹಣ ಹುಟ್ಟಲು ಆರು ವರ್ಷದ ಹತ್ತಿರ ಬೇಕು. ಮೊದಲು 100 ಯೂನಿಟ್ ದಾಟಿದವರು 7 ರೂಪಾಯಿ ಕೊಡುತ್ತಿದ್ದರು. 2024ರ ಏಪ್ರಿಲ್‌ನಲ್ಲಿ ಅದು 5.90ಕ್ಕೆ ಇಳಿಯಿತು. ಜೇಬಿಗೆ ಒಳ್ಳೆಯದೇ, ಆದರೆ ಸೋಲಾರ್ ಹಾಕಿಸಿದವರು ಕಾಯಬೇಕಾದ ಕಾಲ ಅಷ್ಟು ಉದ್ದವಾಯಿತು!

ಹೆಚ್ಚುವರಿ ಕರೆಂಟು ಮಾರಿ ಕಾಸು ಮಾಡುವ ಆಸೆ ಇಟ್ಟುಕೊಳ್ಳಬೇಡಿ. ಎಸ್ಕಾಂಗಳು, ಅಂದರೆ ಕರೆಂಟು ಕೊಡುವ ಕಂಪನಿಗಳು, ಅದಕ್ಕೆ ಕೊಡುವ ದರ ನಾವು ಕಟ್ಟುವ ದರಕ್ಕಿಂತ ಕಡಿಮೆ. ನಿಗದಿತ ಶುಲ್ಕವೂ ತಪ್ಪುವುದಿಲ್ಲ.

ಇನ್ನು ಕರೆಂಟು ಹೋದಾಗ? ಬ್ಯಾಟರಿ ಇಲ್ಲದ ಸೋಲಾರ್ ಆಗ ತಾನೂ ನಿಲ್ಲುತ್ತದೆ, ಮಟಮಟ ಮಧ್ಯಾಹ್ನವಾದರೂ ಸರಿ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯ ಕರೆಂಟು ಹೊಡೆಯಬಾರದೆಂದು ಇನ್ವರ್ಟರನ್ನೇ ಹಾಗೆ ಮಾಡಿರುತ್ತಾರೆ. ಬ್ಯಾಟರಿ ಬೇಕೆಂದರೆ ಅದರ ಖರ್ಚು ಬೇರೆ, ಅದಕ್ಕೆ ಸಬ್ಸಿಡಿಯೂ ಇಲ್ಲ.