ಡಾಕ್ಟರ್ ಇರುವಾಗ ಫುಟ್‌ಬಾಲ್ ಆಟಗಾರ ಯಾಕೆ?

ನಾನು ಕೆಲವು ವರ್ಷ ಜಿಂಬಾಬ್ವೆಯ ಬುಲವಾಯೊ ಊರಿನಲ್ಲಿ ಕೆಲಸದಲ್ಲಿದ್ದೆ. ಅಲ್ಲಿ ಫುಟ್‌ಬಾಲ್ ಆಡಿಸುತ್ತಾ ಹುಡುಗರಿಗೆ ಎಚ್‌ಐವಿ ಬಗ್ಗೆ ಹೇಳಿಕೊಡುವವರಿದ್ದಾರೆ. ರಜೆಯ ದಿನ ಅವರ ಜೊತೆ ಮೈದಾನಕ್ಕೆ ಹೋಗುತ್ತಿದ್ದೆ. ಕೋನ್ ಇಡುವುದು, ಚೆಂಡಿಗೆ ಗಾಳಿ ಹೊಡೆಯುವುದು, ಹಾಜರಿ ಬರೆಯುವುದು ನನ್ನ ಪಾಲಿನ ಕೆಲಸ. ಇದನ್ನು ಹೇಳಿದರೆ ಸಾಕು, ಎದುರಿಗಿದ್ದವರು ಕೇಳುವುದು ಒಂದೇ ಮಾತು. “ಅಲ್ಲಾ, ಅದಕ್ಕೆ ಫುಟ್‌ಬಾಲ್ ಆಡೋರು ಯಾಕೆ? ಡಾಕ್ಟರ್ ಇಲ್ವಾ?”

ಇದ್ದಾರೆ. ಈ ಕೆಲಸ ಶುರು ಮಾಡಿದವರೇ ಡಾಕ್ಟರ್. ಟಾಮಿ ಕ್ಲಾರ್ಕ್ ಅಂತ ಹೆಸರು. ಅವರ ಅಪ್ಪ ಬಾಬಿ ಕ್ಲಾರ್ಕ್ ಸ್ಕಾಟ್ಲೆಂಡಿನ ಗೋಲ್‌ಕೀಪರ್ ಆಗಿದ್ದವರು, ಎಂಬತ್ತರ ದಶಕದಲ್ಲಿ ಬುಲವಾಯೊದ ಹೈಲ್ಯಾಂಡರ್ಸ್ ತಂಡಕ್ಕೆ ಕೋಚ್ ಆಗಿ ಬಂದಿದ್ದರು. ಮುಂದೆ ಮಗನೂ ಅದೇ ತಂಡಕ್ಕೆ ಆಡಿದರು. ಜೊತೆಯಲ್ಲಿ ಆಡಿದವರು ಏಡ್ಸ್‌ನಿಂದ ಸತ್ತರು. ಯಾಕೆ ಸತ್ತರು ಅಂತ ಊರಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಗೆ ಜಿಂಬಾಬ್ವೆಯಲ್ಲಿ ವಯಸ್ಕರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಎಚ್‌ಐವಿ ಇತ್ತು. ಅಂದರೆ ಯಾವ ಮನೆಗೂ ಅದು ದೂರದ ವಿಷಯ ಆಗಿರಲಿಲ್ಲ, ಆದರೂ ಮಾತಿಲ್ಲ. ಡಾಕ್ಟರಿಕೆ ಓದಿದ ಕ್ಲಾರ್ಕ್, ಹಳೆಯ ಗೆಳೆಯರನ್ನು ಸೇರಿಸಿಕೊಂಡು 2002ರಲ್ಲಿ ಗ್ರಾಸ್‌ರೂಟ್ ಸಾಕರ್ ಅನ್ನುವ ಸಂಸ್ಥೆ ಕಟ್ಟಿದರು. ಆ ಗೆಳೆಯರಲ್ಲಿ ಜಿಂಬಾಬ್ವೆ ತಂಡದ ನಾಯಕರಾಗಿದ್ದ ಮೆಥೆಂಬಿ ಎಂಡ್ಲೊವು ಕೂಡ ಇದ್ದರು. ಬಿಳಿ ಕೋಟು ಹಾಕಿಕೊಂಡು ಹೇಳಿದರೆ ಹುಡುಗರು ತಲೆ ಆಡಿಸಿ ಮನೆಗೆ ಹೋಗುತ್ತಾರೆ ಅನ್ನುವುದು ಒಬ್ಬ ಡಾಕ್ಟರಿಗೆ ಗೊತ್ತಿರುವಷ್ಟು ನನಗೂ ನಿಮಗೂ ಗೊತ್ತಿರುವುದಿಲ್ಲ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದನ್ನು ಕೇಳುವ ರೀತಿಗೆ. ದಾವಣಗೆರೆಯಲ್ಲಿ ನಮ್ಮ ಚಿಕ್ಕಮ್ಮನ ಮನೆ ಗೃಹಪ್ರವೇಶ. ಊಟ ಆಗಿ ಎಲ್ಲರೂ ಶಾಮಿಯಾನದ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದೆವು. ನಮ್ಮ ಸೋದರಮಾವ ನಿವೃತ್ತ ಹೆಡ್‌ಮಾಸ್ಟರು. ಅವರು ಶುರು ಮಾಡಿದರು. “ಅಲ್ಲಪ್ಪಾ, ಆ ಕಾಯಿಲೆ ಬಗ್ಗೆ ಬುದ್ಧಿ ಹೇಳೋಕೆ ಆಟ ಆಡೋರಾ? ಅವರಿಗೇ ಮೊದಲು ನಡತೆ ನೆಟ್ಟಗಿರಲ್ಲ. ಮುಖ ನೋಡಿದ್ರೆ ಗೊತ್ತಾಗುತ್ತೆ ಯಾರು ಎಂಥವರು ಅಂತ.”

ಕೊನೆಯ ಆ ಮಾತು ನನ್ನನ್ನು ಕೆಣಕಿತು. “ಮಾವ, ಮುಖ ನೋಡಿ ಹೇಳ್ತೀರಾ? ಬನ್ನಿ, ನೋಡೇ ಬಿಡೋಣ” ಅಂದೆ. ಪೂಜೆಗೆ ತಂದಿದ್ದ ಒಂದು ನಿಂಬೆಹಣ್ಣು ತಗೊಂಡೆ. ಮನೆಯ ಹುಡುಗರನ್ನು ಎದುರು ಬದುರು ಎರಡು ಸಾಲಾಗಿ ನಿಲ್ಲಿಸಿದೆ, ಭುಜಕ್ಕೆ ಭುಜ ತಾಗಿಸಿ, ಕೈ ಬೆನ್ನ ಹಿಂದೆ. ಒಂದು ಸಾಲಿನವರು ನಿಂಬೆಹಣ್ಣನ್ನು ಬೆನ್ನ ಹಿಂದೆಯೇ ಕೈಯಿಂದ ಕೈಗೆ ದಾಟಿಸಬೇಕು. ನಿಲ್ಲಿಸಿ ಅಂದಾಗ ಅದು ಯಾರ ಕೈಯಲ್ಲಿದೆ ಅಂತ ಎದುರಿನ ಸಾಲು ಹೇಳಬೇಕು. ಬುಲವಾಯೊದ ಮೈದಾನದಲ್ಲಿ ಇದನ್ನು ಪುಟ್ಟ ಚೆಂಡಿನಲ್ಲಿ ಆಡಿಸುತ್ತಾರೆ.

ಮಾವ ಕನ್ನಡಕ ಸರಿ ಮಾಡಿಕೊಂಡು ಮುಂದೆ ಬಂದರು. ಮೂವತ್ತೈದು ವರ್ಷ ಹುಡುಗರ ಮುಖ ನೋಡಿ ಕಳ್ಳರನ್ನು ಹಿಡಿದವರು ಅವರು. ಮೊದಲ ಸಲ ಕಿಸಿಕಿಸಿ ನಗುತ್ತಿದ್ದವನನ್ನು ತೋರಿಸಿದರು. ಅವನ ಕೈ ಖಾಲಿ. ಎರಡನೇ ಸಲ ತಲೆ ತಗ್ಗಿಸಿದ್ದವನನ್ನು ತೋರಿಸಿದರು. ಅವನ ಕೈಯೂ ಖಾಲಿ. ಮೂರನೇ ಸಲ, ಕೂದಲಿಗೆ ಬಣ್ಣ ಹಾಕಿಸಿ ಕಿವಿಗೆ ಓಲೆ ಹಾಕಿದ್ದವನು “ನಾನಲ್ಲ ಅಜ್ಜಾ” ಅಂದರೂ ಬಿಡಲಿಲ್ಲ. ನಿಂಬೆಹಣ್ಣು ಇದ್ದದ್ದು ಅವರದೇ ಮೊಮ್ಮಗನ ಕೈಯಲ್ಲಿ. ಹಣೆಗೆ ಕುಂಕುಮ, ಇಸ್ತ್ರಿ ಮಾಡಿದ ಅಂಗಿ, ದೇವರ ಮುಂದೆ ನಿಂತ ಹಾಗೆ ನಿಂತಿದ್ದ. ಶಾಮಿಯಾನ ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು, ಮಾವನೂ ನಕ್ಕರು.

ಆಗ ಹೇಳಿದೆ. ಈ ನಿಂಬೆಹಣ್ಣು ಎಚ್‌ಐವಿ ಅಂದುಕೊಳ್ಳಿ. ಮುಖ ನೋಡಿದರೆ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಏನೂ ಲಕ್ಷಣ ಇಲ್ಲದೆ ಇರಬಹುದು. ಗೊತ್ತಾಗುವುದು ಪರೀಕ್ಷೆಯಿಂದ ಮಾತ್ರ. ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಇದನ್ನೇ ಒಂದು ಗಂಟೆ ಸ್ಲೈಡ್ ತೋರಿಸಿ ಹೇಳಿದ್ದರೆ ಅರ್ಧ ಜನ ಮೊಬೈಲ್ ನೋಡುತ್ತಿದ್ದರು, ಅಲ್ವಾ?

ಇನ್ನೊಂದು ಆಟ ಇದೆ, ಅದಕ್ಕೆ ಜಾಗ ಜಾಸ್ತಿ ಬೇಕು. ಮೈದಾನದ ತುಂಬಾ ಕೋನ್ ಇಡುತ್ತಾರೆ. ಒಂದೊಂದು ಕೋನೂ ಒಂದೊಂದು ಅಪಾಯ: ಕಾಂಡೋಮ್ ಇಲ್ಲದ ಸಂಬಂಧ, ಒಂದೇ ಸಮಯದಲ್ಲಿ ಹಲವರ ಜೊತೆ ಸಂಬಂಧ, ಕುಡಿತ, ವಯಸ್ಸಿನಲ್ಲಿ ತುಂಬಾ ದೊಡ್ಡವರ ಜೊತೆ ಸಂಬಂಧ. ಚೆಂಡನ್ನು ಕೋನ್‌ಗೆ ತಾಗದ ಹಾಗೆ ನಡುವೆ ಓಡಿಸಿಕೊಂಡು ಹೋಗಬೇಕು. ಮೊದಲ ಸುತ್ತಿನಲ್ಲಿ ತಾಗಿಸಿದವನು ತಾನೊಬ್ಬನೇ ದಂಡ (ಪುಶ್‌ಅಪ್) ಹೊಡೆಯಬೇಕು. ಎರಡನೇ ಸುತ್ತಿನಲ್ಲಿ ಅವನ ತಂಡ ಪೂರ್ತಿ ಹೊಡೆಯಬೇಕು. ಮೂರನೇ ಸುತ್ತಿನಲ್ಲಿ ಮೈದಾನದಲ್ಲಿರುವ ಎಲ್ಲರೂ. ಕೋಚ್ ಆಮೇಲೆ ಕೇಳುವುದು ಇಷ್ಟೇ. “ತಾಗಿಸಿದ್ದು ಒಬ್ಬ, ನಿಮ್ಮೆಲ್ಲರ ಕೈ ಯಾಕೆ ನೋಯ್ತಿದೆ?” ಬೆವರು ಒರೆಸಿಕೊಳ್ಳುತ್ತಾ ಹುಡುಗರೇ ಉತ್ತರ ಹೇಳುತ್ತಾರೆ. ಮನೆ, ಹೆಂಡತಿ, ಮಕ್ಕಳು, ಅಮ್ಮ.

ನಡತೆಯ ಮಾತಿಗೂ ಉತ್ತರ ಕೊಡಲೇಬೇಕು. ಆಟಗಾರರೆಲ್ಲ ಸಂತರಲ್ಲ, ಒಪ್ಪಿದೆ. ಸಂತರಾಗಿದ್ದರೆ ಇಪ್ಪತ್ತರ ಹುಡುಗ ಅವರ ಮಾತು ಕೇಳುತ್ತಲೂ ಇರಲಿಲ್ಲ. ಅವನಿಗೆ ಬೇಕಾಗಿರುವುದು ತನ್ನ ಹಾಗೇ ಇರುವ, ತನಗಿಂತ ಸ್ವಲ್ಪ ಮುಂದೆ ಹೋಗಿರುವ ಒಬ್ಬ ಗಂಡಸು “ನನಗೂ ಭಯ ಆಗಿತ್ತು, ಆದ್ರೂ ಹೋಗಿ ಟೆಸ್ಟ್ ಮಾಡಿಸಿದೆ” ಅನ್ನುವುದು. ಬ್ಯಾಸ್ಕೆಟ್‌ಬಾಲ್‌ನ ಮ್ಯಾಜಿಕ್ ಜಾನ್ಸನ್ 1991ರ ನವೆಂಬರ್‌ನಲ್ಲಿ ತನಗೆ ಎಚ್‌ಐವಿ ಇದೆ ಅಂತ ಟಿವಿ ಮುಂದೆ ಹೇಳಿದಾಗ, ಅಮೆರಿಕದಲ್ಲಿ ಪರೀಕ್ಷೆಗೆ ಬರುವವರ ಸಂಖ್ಯೆ ಏರಿತು. ಜನ ಬಂದದ್ದು ಅವರ ನಡತೆ ಮೆಚ್ಚಿಯಲ್ಲ. ಅವರ ಧೈರ್ಯ ನೋಡಿ, ತಮಗೂ ಇರಬಹುದಲ್ಲ ಅನಿಸಿ ಬಂದರು.

ಹಾಗಾದರೆ ದೊಡ್ಡ ಸ್ಟಾರ್ ಕರೆಸಿ ಪೋಸ್ಟರ್ ಹಾಕಿಸಿದರೆ ಮುಗಿಯಿತಲ್ಲ ಅನ್ನುತ್ತಾರೆ. ಮುಗಿಯುವುದಿಲ್ಲ. 2006ರಲ್ಲಿ ಸ್ಪೇನಿನ ಬಾರ್ಸಿಲೋನಾ ಫುಟ್‌ಬಾಲ್ ತಂಡ ಜೆರ್ಸಿಯ ಎದೆಯ ಮೇಲೆ ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್‌ನ ಹೆಸರು ಹಾಕಿಕೊಂಡಿತು. ಜಾಹೀರಾತಿನ ದುಡ್ಡು ತಗೊಳ್ಳಲಿಲ್ಲ, ತಾನೇ ವರ್ಷಕ್ಕೆ 15 ಲಕ್ಷ ಯೂರೊ ಕೊಟ್ಟಿತು. ಎಚ್‌ಐವಿಯಿಂದ ನೊಂದ ಮಕ್ಕಳಿಗೆ ಅಂತ ಆ ದುಡ್ಡು ಮೊದಲು ಹೋದದ್ದು ಆಫ್ರಿಕಾದ ಸ್ವಾಜಿಲ್ಯಾಂಡಿಗೆ (ಈಗಿನ ಹೆಸರು ಎಸ್ವಾಟಿನಿ). ಅದು ದೊಡ್ಡ ಕೆಲಸ, ನನಗೆ ಗೌರವ ಇದೆ. 2014ರಲ್ಲಿ ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಡೇವಿಡ್ ಲೂಯಿಸ್ ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮ ಯುಎನ್‌ಏಡ್ಸ್‌ನ ರಾಯಭಾರಿಯಾದರು, ಅದೂ ಒಳ್ಳೆಯದೇ. ಆದರೆ ಸೋಮವಾರ ಬೆಳಿಗ್ಗೆ ಹೊಟ್ಟೆಯಲ್ಲಿ ಭಯ ಇಟ್ಟುಕೊಂಡ ಹುಡುಗ ಡೇವಿಡ್ ಲೂಯಿಸ್‌ಗೆ ಫೋನ್ ಮಾಡೋಕಾಗುತ್ತಾ?

ಬುಲವಾಯೊದಲ್ಲೂ ಮೊದಲು ಹೆಸರುವಾಸಿ ಆಟಗಾರರನ್ನೇ ಶಾಲೆಗಳಿಗೆ ಕಳಿಸಿದ್ದರು. ಬರಬರುತ್ತಾ ಅದೇ ಬಡಾವಣೆಯ ಹುಡುಗ ಹುಡುಗಿಯರನ್ನು ಕೋಚ್‌ಗಳಾಗಿ ತಯಾರು ಮಾಡಿದರು. ಚೆನ್ನಾಗಿ ಆಡುತ್ತಾರೆ, ಊರಿಗೆಲ್ಲ ಗೊತ್ತು, ನಾಳೆಯೂ ಅದೇ ಮೈದಾನಕ್ಕೆ ಬರುತ್ತಾರೆ.

ಅದಕ್ಕೇ ಹೇಳುವುದು, ಆಟಗಾರ ಯಾಕೆ ಅಂತ ಕೇಳಬೇಡಿ. ಟೆಸ್ಟಿಗೆ ಹುಡುಗನ ಜೊತೆ ಯಾರು ಹೋಗುತ್ತಾರೆ ಅಂತ ಕೇಳಿ. ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿಲ್ಲ. ಹೆಂಗಸರಿಗೆ ಬಸುರಿಯಾದಾಗ ಆಸ್ಪತ್ರೆಯಲ್ಲೇ ಎಚ್‌ಐವಿ ಪರೀಕ್ಷೆ ಆಗುತ್ತದೆ. ಗಂಡಸರಿಗೆ ಅಂಥ ಬಾಗಿಲೇ ಇಲ್ಲ. ಕಾಯಿಲೆ ಬಿದ್ದ ಮೇಲೆ ಬರುತ್ತಾರೆ, ತಡವಾಗಿ ಮಾತ್ರೆ ಶುರು ಮಾಡುತ್ತಾರೆ, ಅಷ್ಟರಲ್ಲಿ ಹೆಂಡತಿಗೋ ಗೆಳತಿಗೋ ತಗುಲಿರುತ್ತದೆ.

ಜೊತೆಗೆ ಒಬ್ಬ ಬಂದರೆ ಹುಡುಗರು ಕ್ಲಿನಿಕ್ಕಿಗೆ ಹೋಗುತ್ತಾರಾ ಅಂತ ಬುಲವಾಯೊದಲ್ಲಿ ಸುನ್ನತಿಯ ವಿಷಯದಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. ಸುನ್ನತಿಯಿಂದ ಗಂಡಸರಿಗೆ ಹೆಣ್ಣಿನಿಂದ ಎಚ್‌ಐವಿ ತಗುಲುವ ಅಪಾಯ ಸುಮಾರು 60 ಶೇಕಡಾ ಕಡಿಮೆಯಾಗುತ್ತದೆ. ಹಾಗಾಗಿ ಸೋಂಕು ಜಾಸ್ತಿ ಇರುವ ದೇಶಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಇದನ್ನು ಶಿಫಾರಸು ಮಾಡಿತು. ತಾನೇ ಮಾಡಿಸಿಕೊಂಡಿದ್ದ ಕೋಚ್ ಒಬ್ಬ ಶಾಲೆಗೆ ಬಂದು, ಒಂದು ಗಂಟೆ ಆಡಿಸಿ, ನೋವಾಯಿತಾ, ಎಷ್ಟು ದಿನ ಆಟ ಬಿಟ್ಟಿದ್ದೆ ಅಂತ ಎಲ್ಲ ಬಿಚ್ಚಿ ಹೇಳುತ್ತಿದ್ದ. ಆಮೇಲೆ ಫೋನ್ ಮಾಡಿ ವಿಚಾರಿಸುತ್ತಿದ್ದ, ಕ್ಲಿನಿಕ್ಕಿಗೆ ಜೊತೆಯಲ್ಲಿ ಹೋಗುತ್ತಿದ್ದ. ಆ ಶಾಲೆಗಳಲ್ಲಿ ಸುನ್ನತಿ ಮಾಡಿಸಿಕೊಂಡವರು ಬೇರೆ ಶಾಲೆಗಳಿಗಿಂತ ಎರಡು ಪಟ್ಟಿಗೂ ಜಾಸ್ತಿ. ಹೆಚ್ಚಿನ ಹುಡುಗರು ಆಗಲೂ ಹೋಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಹೋದವರು ಒಬ್ಬರೇ ಹೋಗಲಿಲ್ಲ.

ಅದೆಲ್ಲ ಆಫ್ರಿಕಾದ ಕಥೆ, ನಮಗೇನು ಅನ್ನುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಎಚ್‌ಐವಿ ಅತಿ ಹೆಚ್ಚು ಇರುವುದು ಮಿಜೋರಾಂ, ನಾಗಾಲ್ಯಾಂಡ್, ಮಣಿಪುರದಲ್ಲಿ. ಡ್ರಗ್ಸ್ ಚುಚ್ಚಿಕೊಳ್ಳುವ ಸೂಜಿ ಹಂಚಿಕೊಂಡದ್ದು ಅದಕ್ಕೆ ಒಂದು ದೊಡ್ಡ ಕಾರಣ. ಮೂರೂ ಫುಟ್‌ಬಾಲ್ ಹುಚ್ಚಿನ ರಾಜ್ಯಗಳು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡದ ನಾಯಕರಾಗಿದ್ದವರು ನಾಗಾಲ್ಯಾಂಡಿನ ಟಿ. ಆವೊ. ಅವರು ಓದಿದ್ದು ಮೆಡಿಕಲ್, ಆಮೇಲೆ ತಮ್ಮ ಊರ ಕಡೆಯೇ ಡಾಕ್ಟರಾಗಿ ದುಡಿದರು. ಡಾಕ್ಟರೋ ಆಟಗಾರನೋ ಅನ್ನುವ ಜಗಳವೇ ಅಲ್ಲಿಲ್ಲ.

ವಿಶ್ವ ಏಡ್ಸ್ ದಿನ, ಡಿಸೆಂಬರ್ 1 ಹತ್ತಿರ ಬಂದರೆ ನಮ್ಮ ಕಾಲೇಜುಗಳಿಂದ ನನಗೆ ಫೋನ್ ಬರುತ್ತದೆ, ಯಾರಾದರೂ ದೊಡ್ಡ ಆಟಗಾರನನ್ನು ಕರೆಸಿಕೊಡಿ ಅಂತ. ನನಗೆ ಅಂಥವರ ಪರಿಚಯವೂ ಇಲ್ಲ, ನಿಮಗೆ ಅವರು ಬೇಕಾಗಿಯೂ ಇಲ್ಲ. ನಿಮ್ಮ ಕಾಲೇಜು ತಂಡದಲ್ಲಿ ಹೋದ ವರ್ಷ ಪಾಸಾಗಿ ಇನ್ನೂ ಸಂಜೆ ಆಡಲು ಬರುವ ಸೀನಿಯರ್ ಒಬ್ಬ ಇದ್ದೇ ಇರುತ್ತಾನೆ. ಕಬಡ್ಡಿಯವನಾದರೂ ಸರಿ, ವಾಲಿಬಾಲ್‌ನವನಾದರೂ ಸರಿ. ಅವನನ್ನು ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಕಳಿಸಿ. ಪರೀಕ್ಷೆ ಉಚಿತ, ಆಪ್ತಸಮಾಲೋಚಕರು ಕೂರಿಸಿಕೊಂಡು ಮಾತಾಡುತ್ತಾರೆ, ವರದಿಯನ್ನು ಗುಟ್ಟಾಗಿ ಇಡಬೇಕು ಅಂತ 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಅವನಿಗೆ ಎಲ್ಲ ತಿಳಿಯಲಿ. ಎಚ್‌ಐವಿ ಇದ್ದರೆ ಮಾತ್ರೆಯೂ ಉಚಿತ. ದಿನಾ ತಪ್ಪದೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಎಚ್‌ಐವಿ ಇರುವವನು ತಂಡದಲ್ಲಿ ಎಲ್ಲರ ಜೊತೆ ಆಡಬಹುದು, ಒಂದೇ ಬಾಟಲಿಯ ನೀರು ಕುಡಿಯಬಹುದು. ಆಮೇಲೆ ಅವನ ಕೈಗೆ ಚೆಂಡು ಕೊಟ್ಟು ಮೈದಾನ ಬಿಟ್ಟುಕೊಡಿ. ಭಾಷಣಕ್ಕೆ ಅಂತ ಇಟ್ಟ ದುಡ್ಡಿನಲ್ಲಿ ಹುಡುಗರು ಆಸ್ಪತ್ರೆಗೆ ಹೋಗಿ ಬರುವ ಬಸ್ ಚಾರ್ಜ್ ಕೊಡಿ.