ಮೋಡ್ ಆಫೀಸಿನಲ್ಲಿ ಗುಟ್ಟು ಯಾರ ಹೊಟ್ಟೆಯಲ್ಲಿದೆ?

ಶುಕ್ರವಾರ, 14 ಜೂನ್ 2024

ಅಮೆರಿಕದ ಟಿವಿ ಸರಣಿ ‘ಅಗ್ಲಿ ಬೆಟ್ಟಿ’ಯ ನಾಲ್ಕು ಸೀಸನ್, 85 ಕಂತು. ಅಷ್ಟನ್ನೂ ಬಿಡಿಸಿ ನೋಡಲು ಒಂದೇ ಪ್ರಶ್ನೆ ಸಾಕು: ಈ ಹೊತ್ತಿಗೆ ಗುಟ್ಟು ಯಾರ ಹೊಟ್ಟೆಯಲ್ಲಿದೆ? ಯಾರಿಗೆ ಯಾರನ್ನು ಕಂಡರಾಗದು ಅನ್ನುವುದು ಮೊದಲ ಕಂತಿನಲ್ಲೇ ತಿಳಿದುಹೋಗುತ್ತದೆ. ವಿಲ್ಹೆಲ್ಮಿನಾ ಸ್ಲೇಟರ್‌ಗೆ ‘ಮೋಡ್’ ಪತ್ರಿಕೆಯ ಪ್ರಧಾನ ಸಂಪಾದಕಿಯ ಕುರ್ಚಿ ಬೇಕು, ಅದರಲ್ಲಿ ಮಾಲೀಕರ ಮಗ ಡೇನಿಯಲ್ ಮೀಡ್ ಕೂತಿದ್ದಾನೆ. ಕೊನೆಯ ಕಂತಿನವರೆಗೂ ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಕಥೆ ಮುಂದಕ್ಕೆ ಓಡುವುದು ಗುಟ್ಟು ಒಬ್ಬರಿಂದ ಇನ್ನೊಬ್ಬರಿಗೆ ದಾಟಿದಾಗ. ಚೆನ್ನಾಗಿ ಬರೆದ ಕಂತುಗಳಲ್ಲೆಲ್ಲ ಅದು ಹೋಗಬಾರದವರ ಕೈಗೇ ಹೋಗುತ್ತದೆ, ಅವರು ಅದನ್ನು ಬಚ್ಚಿಟ್ಟುಕೊಳ್ಳಲು ಯಾವುದಾದರೂ ಒಂದು ಸ್ನೇಹದಲ್ಲಿ ಬೆಲೆ ತೆರಬೇಕಾಗುತ್ತದೆ. ಬೆಲೆ ತೆರಬೇಕಿಲ್ಲದ ಕಡೆ ಗುಟ್ಟು ಎಷ್ಟೇ ದೊಡ್ಡದಿದ್ದರೂ ಕಂತು ಸಪ್ಪೆ.

ಎಬಿಸಿ ವಾಹಿನಿಯಲ್ಲಿ ಇದು ಶುರುವಾದದ್ದು 28 ಸೆಪ್ಟೆಂಬರ್ 2006ರಂದು, ಮುಗಿದದ್ದು 14 ಏಪ್ರಿಲ್ 2010ರಂದು. ಮೂಲ ಕೊಲಂಬಿಯಾದ ಒಂದು ಟೆಲಿನೊವೆಲಾ (ಲ್ಯಾಟಿನ್ ಅಮೆರಿಕದ ಧಾರಾವಾಹಿ), ಫರ್ನಾಂಡೊ ಗೈತಾನ್ ಬರೆದದ್ದು. ಅದೇ ಮೂಲದಿಂದ ಸೋನಿ ವಾಹಿನಿ 2003ರಲ್ಲಿ ಹಿಂದಿಯಲ್ಲಿ ತಂದ ‘ಜಸ್ಸಿ’ಯನ್ನು, ಅದರ ಮೋನಾ ಸಿಂಗ್‌ರನ್ನು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇನ್ನೂ ನೆನಪಿಟ್ಟುಕೊಂಡಿದ್ದಾರೆ. ಕೊಲಂಬಿಯಾದಲ್ಲೂ ಹಿಂದಿಯಲ್ಲೂ ಕಥೆ ನಡೆಯುವುದು ಉಡುಪು ತಯಾರಿಸುವ ಸಂಸ್ಥೆಯಲ್ಲಿ. ಅಮೆರಿಕದ ಆವೃತ್ತಿಯನ್ನು ರೂಪಿಸಿದ ಸಿಲ್ವಿಯೊ ಹೋರ್ತಾ ಅದನ್ನು ನ್ಯೂಯಾರ್ಕಿನ ಫ್ಯಾಷನ್ ಪತ್ರಿಕೆಗೆ ಎತ್ತಿಟ್ಟರು. ಮೇಲ್ನೋಟಕ್ಕೆ ಸಣ್ಣ ಬದಲಾವಣೆ. ಆದರೆ ಗುಟ್ಟಿನ ಸ್ವಭಾವವೇ ಇದರಿಂದ ಬೇರೆಯಾಯಿತು. ಬಟ್ಟೆ ಕಂಪನಿಯ ಗುಟ್ಟು ಲೆಕ್ಕದ ಪುಸ್ತಕದಲ್ಲಿ ಅಡಗಿರುತ್ತದೆ. ಪತ್ರಿಕೆಯಲ್ಲಾದರೆ ಗುಟ್ಟೇ ಸರಕು, ನಾಳೆ ಅಚ್ಚಾಗಿ ಅಂಗಡಿಗೆ ಬರಬಹುದು. ಮೊದಲ ಸೀಸನ್ನಿನ ಸೋಫಿಯಾ ರೇಯೆಸ್ ಇದಕ್ಕೆ ಒಳ್ಳೆಯ ಸಾಕ್ಷಿ. ಈ ಪಾತ್ರ ಮಾಡಿದ್ದು ಸಲ್ಮಾ ಹಾಯೆಕ್, ಸರಣಿಯ ನಿರ್ಮಾಪಕರಲ್ಲೂ ಒಬ್ಬರು. ಅದೇ ಕಟ್ಟಡದ ಇನ್ನೊಂದು ಪತ್ರಿಕೆಯ ಸಂಪಾದಕಿ ಸೋಫಿಯಾ ಡೇನಿಯಲ್‌ನನ್ನು ಪ್ರೀತಿಸಿ, ಮದುವೆಗೂ ಒಪ್ಪಿಸುತ್ತಾಳೆ. ಆಮೇಲೆ ನೋಡಿದರೆ ಅಷ್ಟೂ ಅವಳ ಲೇಖನವೊಂದಕ್ಕೆ ಮಾಡಿದ ಪ್ರಯೋಗ. ದಿನಕ್ಕೊಬ್ಬಳ ಹಿಂದೆ ಓಡುವ ಡೇನಿಯಲ್ ಮೊದಲ ಸಲ ನಿಜಕ್ಕೂ ಮನಸ್ಸು ಕೊಟ್ಟಾಗಲೇ ಹೀಗಾಗಬೇಕೆ!

ಆಫೀಸಿನ ನಕ್ಷೆಯನ್ನೂ ಗಮನಿಸಿ. ಬಿಳಿ ಗೋಡೆ, ಕಿತ್ತಳೆ ಬಣ್ಣ, ಗುಂಡಗಿನ ರಿಸೆಪ್ಷನ್ ಮೇಜು, ಎಲ್ಲೆಲ್ಲೂ ಗಾಜು. ಗಾಜಿನ ಆಫೀಸಿನಲ್ಲಿ ಪಿಸುಗುಡುವುದು ಕಷ್ಟ. ಹಾಗಾಗಿ ಪಾತ್ರಗಳು ಗುಟ್ಟಾಡಲು ಎದ್ದು ಬೇರೆ ಕಡೆ ಹೋಗಲೇಬೇಕು: ಲಿಫ್ಟು, ಶೌಚಾಲಯ, ಅಥವಾ ಕ್ರಿಸ್ಟಿನಾ ನೋಡಿಕೊಳ್ಳುವ ‘ಕ್ಲಾಸೆಟ್’ ಎಂಬ ಬಟ್ಟೆಯ ಉಗ್ರಾಣ. ಎದ್ದು ಹೋದದ್ದು ಗಾಜಿನಾಚೆ ಇರುವವರಿಗೆ ಕಾಣುತ್ತದೆ. ರಿಸೆಪ್ಷನ್ನಿನಲ್ಲಿ ಕೂತ ಅಮಾಂಡಾಗೆ ಯಾರು ಯಾರ ಹಿಂದೆ ಹೋದರು ಅನ್ನುವುದಷ್ಟೇ ತಿಳಿಯುತ್ತದೆ, ಮಾತು ಕೇಳಿಸುವುದಿಲ್ಲ. ನಮ್ಮ ದಿನವಹಿ ಧಾರಾವಾಹಿಗಳಲ್ಲಿ ಗುಟ್ಟೆಲ್ಲ ಬಾಗಿಲ ಹಿಂದೆ ನಿಂತು ಕದ್ದು ಕೇಳಿದ್ದರಿಂದ ಹೊರಬೀಳುತ್ತದಲ್ಲ, ಇಲ್ಲಿ ಅರ್ಧ ಕಂಡದ್ದರಿಂದ ತಪ್ಪಾಗಿ ಊಹಿಸಿ ಹೊರಬೀಳುತ್ತದೆ. ನಗು ಹುಟ್ಟುವುದೂ ಆ ತಪ್ಪು ಊಹೆಯಲ್ಲೇ.

ಮೊದಲ ಕಂತು ಒಮ್ಮೆ ನೋಡಿ ಬಿಟ್ಟರೆ ಸಾಲದು. ನ್ಯೂಯಾರ್ಕಿನದೇ ಭಾಗವಾದ ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್ ಬಡಾವಣೆಯಿಂದ ಬಂದ ಬೆಟ್ಟಿ ಸುವಾರೆಸ್‌ಗೆ ಹಲ್ಲಿಗೆ ಕ್ಲಿಪ್ಪು, ಮೈಮೇಲೆ ‘ಗ್ವಾಡಲಹಾರಾ’ ಅಂತ ದೊಡ್ಡಕ್ಷರದಲ್ಲಿ ಬರೆದ ಕೆಂಪು ಪೊಂಚೊ, ಅಂದರೆ ತಲೆ ತೂರಿಸಿ ಹೊದೆಯುವ ಮೇಲುಡುಪು. ಸಂದರ್ಶನಕ್ಕೆ ಬಂದವಳನ್ನು ಮುಖ ನೋಡಿಯೇ ಸಾಗಹಾಕುತ್ತಾರೆ. ಅದನ್ನು ಕಂಡ ಮಾಲೀಕ ಬ್ರಾಡ್‌ಫರ್ಡ್ ಅವಳನ್ನೇ ಮಗನಿಗೆ ಸಹಾಯಕಿಯಾಗಿ ನೇಮಿಸುತ್ತಾನೆ. ಕಾರಣ ಇಷ್ಟೇ: ಇವಳ ಜೊತೆ ಮಗ ಮಲಗಲಾರ. ನೇಮಕದ ಹಿಂದಿನ ಈ ಕಾರಣ ನೋಡುವ ನಮಗೆ ಗೊತ್ತು, ಸಂಭ್ರಮದಲ್ಲಿರುವ ಬೆಟ್ಟಿಗೆ ಗೊತ್ತಿಲ್ಲ. ಮುಂದೆ ಡೇನಿಯಲ್ ಅವಳನ್ನು ಓಡಿಸಲೆಂದೇ ಎಲ್ಲರೆದುರು ಅವಮಾನ ಮಾಡುತ್ತಾನೆ, ಅವಳು ಬಿಟ್ಟು ಹೋಗುತ್ತಾಳೆ, ಅವನೇ ನಾಚಿಕೊಂಡು ಅವಳ ಮನೆ ಬಾಗಿಲಿಗೆ ಬರುತ್ತಾನೆ. ಒಬ್ಬರ ಮಾನಗೇಡು ಇನ್ನೊಬ್ಬರ ಕಣ್ಣಿಗೆ ಬಿದ್ದಾಗಲೇ ಇಲ್ಲಿ ಸ್ನೇಹ ಹುಟ್ಟುವುದು. ಡೇನಿಯಲ್ ಮತ್ತು ಬೆಟ್ಟಿಯ ನಡುವೆ ಪ್ರೇಮ ಬೆಳೆಸುವ ಆಮಿಷಕ್ಕೆ ಬರಹಗಾರರು ಕೊನೆವರೆಗೂ ಬೀಳಲಿಲ್ಲ. ಅವರ ಅತಿ ದೊಡ್ಡ ಸಂಯಮ ಇದು ಅನ್ನಬೇಕು.

ಹೀಗಿದ್ದರೂ ಸರಣಿಯ ಜೀವಾಳ ಇವರಿಬ್ಬರಲ್ಲಿಲ್ಲ. ಅದು ಮಾರ್ಕ್ ಮತ್ತು ಅಮಾಂಡಾರ ಹತ್ತಿರ ಇದೆ.

ಮಾರ್ಕ್ ಸೇಂಟ್ ಜೇಮ್ಸ್ ವಿಲ್ಹೆಲ್ಮಿನಾಳ ಸಹಾಯಕ. ಅಮಾಂಡಾ ಟ್ಯಾನೆನ್‌ಗೆ ಡೇನಿಯಲ್‌ನ ಸಹಾಯಕಿಯ ಜಾಗ ತನಗೆ ಸಿಗಲಿಲ್ಲವೆಂದು ಹೊಟ್ಟೆಕಿಚ್ಚು. ಇಬ್ಬರೂ ಸೇರಿದರೆ ಬೆಟ್ಟಿಯ ಕಾಲೆಳೆಯುವುದೇ ಕೆಲಸ. ಎರಡನೇ ಕಂತಿನಲ್ಲಿ ಮುಂದಿನ ಸಂಚಿಕೆಯ ಮಾದರಿ ಪ್ರತಿ, ಅದರೊಳಗೆ ನಟಿಯೊಬ್ಬಳ ತಿದ್ದದ ಫೋಟೋಗಳು, ಬೆಟ್ಟಿಯ ಮನೆಯಿಂದ ಕಾಣೆಯಾಗಿ ಪಕ್ಕದ ಮನೆಯ ಜೀನಾ ಕೈಗೆ ಸಿಗುತ್ತದೆ. ಅದನ್ನು ಹುಡುಕಿಕೊಂಡು ಇವರಿಬ್ಬರು ಕ್ವೀನ್ಸ್‌ಗೆ ಇಳಿಯುವ ಭಾಗ ಶುದ್ಧ ಪ್ರಹಸನ. ಹ್ಯಾಲೋವೀನ್ ದಿನ ಮಾರ್ಕ್ ಬೆಟ್ಟಿಯದೇ ವೇಷ ಹಾಕಿಕೊಂಡು ಬರುತ್ತಾನೆ. ಇಲ್ಲಿಯವರೆಗೆ ಇವರು ಬರೀ ಕುಚೋದ್ಯದ ಜೋಡಿ.

ತಿರುವು ಬರುವುದು ಮೊದಲ ಸೀಸನ್ನಿನ 18ನೇ ಕಂತಿನಲ್ಲಿ. ಮಾರ್ಕ್‌ನ ತಾಯಿ ಊರಿನಿಂದ ಬರುತ್ತಾಳೆ, ಪಾತ್ರದಲ್ಲಿ ಪ್ಯಾಟಿ ಲೂಪೋನ್. ಮಗ ಗೇ ಎಂದು ಆಕೆಗೆ ಗೊತ್ತಿಲ್ಲ, ಬೆಟ್ಟಿಯೇ ಅವನ ಹುಡುಗಿ ಎಂದುಕೊಂಡಿದ್ದಾಳೆ. ಬೆಟ್ಟಿ ಒಲ್ಲದ ಮನಸ್ಸಿನಿಂದ ನಾಟಕಕ್ಕೆ ಒಪ್ಪುತ್ತಾಳೆ, ಊಟ ಬೆಟ್ಟಿಯ ಮನೆಯಲ್ಲಿ. ಈಗ ಮೇಜಿನ ಸುತ್ತ ಲೆಕ್ಕ ಹಾಕಿ: ತಾಯಿ ಒಬ್ಬಳನ್ನು ಬಿಟ್ಟರೆ ಯಾರಿಗೂ ಅಲ್ಲಿ ಕಾಣದ್ದೇನೂ ಇಲ್ಲ. ಮಾಮೂಲಿ ಹಾಸ್ಯದಲ್ಲಾಗಿದ್ದರೆ ಬಾಯ್ತಪ್ಪಿ ಯಾರೋ ಒಂದು ಮಾತು ಆಡಿ ಗುಟ್ಟು ರಟ್ಟಾಗಬೇಕಿತ್ತು. ಇಲ್ಲಿ ಹಾಗೆ ಮಾಡಲಿಲ್ಲ. ಬೆಟ್ಟಿಯ ಅಕ್ಕನ ಮಗ, ಫ್ಯಾಷನ್ನು ಹಾಡು ಕುಣಿತ ಅಂದರೆ ಪ್ರಾಣ ಬಿಡುವ ಜಸ್ಟಿನ್ ಬಗ್ಗೆ ಆ ತಾಯಿ ಕೊಂಕು ಮಾತಾಡುತ್ತಾಳೆ. ಆ ಹುಡುಗನಿಗೆ ಪೆಟ್ಟಾಗಬಾರದೆಂದು ಮಾರ್ಕ್ ತನ್ನ ಗುಟ್ಟನ್ನು ತಾನೇ ಒಡೆಯುತ್ತಾನೆ, ತಾಯಿ ಎದ್ದು ಹೋಗುತ್ತಾಳೆ. ತಾನು ದಿನಾ ಆಡಿಕೊಂಡು ನಗುವವಳ ಮನೆಯ ಮಗುವಿಗಾಗಿ ಅವನು ಹೆತ್ತ ತಾಯಿಯನ್ನು ಕಳೆದುಕೊಂಡ. ಮರುದಿನ ಆಫೀಸಿನಲ್ಲಿ ಅವನು ಬೆಟ್ಟಿಯನ್ನು ಮತ್ತೆ ಕಿಚಾಯಿಸಬಹುದು, ಆದರೆ ನೋಡುಗರಿಗೆ ಅದು ಇನ್ನು ಹಳೆಯ ಕಿಚಾಯಿಸುವಿಕೆಯ ಹಾಗೆ ಕೇಳಿಸುವುದಿಲ್ಲ.

ಗುಟ್ಟಿನ ಪಟ್ಟಿ ಬರೆದುಕೊಂಡು ನೋಡುವವರಿಗೆ ಒಂದು ವಿಧಾನ. ಅಡ್ಡಕ್ಕೆ ಪಾತ್ರಗಳ ಹೆಸರು, ಉದ್ದಕ್ಕೆ ಕಂತಿನ ಸಂಖ್ಯೆ. ಪ್ರತಿ ಮನೆಯಲ್ಲಿ ಮೂರರಲ್ಲೊಂದು ಗುರುತು: ಗೊತ್ತು, ಅನುಮಾನ, ತಪ್ಪಾಗಿ ಗೊತ್ತು. ಕೊನೆಗೆ ‘ನೋಡುಗರು’ ಎಂದೊಂದು ಸಾಲು, ಇದನ್ನೇ ಹೆಚ್ಚಿನವರು ಮರೆಯುತ್ತಾರೆ. ಮೊದಲ ಸೀಸನ್ನಿನ ದೊಡ್ಡ ಗುಟ್ಟಿಗೆ ಹೀಗೆ ಹಾಕಿ ನೋಡಿದರೆ ಹೆಣಿಗೆ ಕಣ್ಣಿಗೆ ಕಾಣುತ್ತದೆ. ಹಳೆಯ ಸಂಪಾದಕಿ ಫೇ ಸಾಮರ್ಸ್ ಕಾರು ಅಪಘಾತದಲ್ಲಿ ಸತ್ತಿದ್ದಾಳೆ. ಮುಖಕ್ಕೆಲ್ಲ ಬ್ಯಾಂಡೇಜು ಸುತ್ತಿಕೊಂಡ ಹೆಂಗಸೊಬ್ಬಳ ಜೊತೆ ವಿಲ್ಹೆಲ್ಮಿನಾ ಸಂಚು ನಡೆಸುತ್ತಾಳೆ. ವಿಲ್ಹೆಲ್ಮಿನಾ ಕೆಳಗೆ ಮೊದಲಿನಿಂದ ‘ಗೊತ್ತು’. ಬ್ರಾಡ್‌ಫರ್ಡ್, ಡೇನಿಯಲ್ ಕೆಳಗೆ ‘ತಪ್ಪಾಗಿ ಗೊತ್ತು’, ಏಕೆಂದರೆ ಹಿರಿಮಗ ಅಲೆಕ್ಸ್ ಹಿಮದ ಮೇಲೆ ಸ್ಕೀಯಿಂಗ್ ಮಾಡುವಾಗ ಸತ್ತನೆಂದು ನಂಬಿದ್ದಾರೆ. ನೋಡುಗರ ಸಾಲಿನಲ್ಲಿ ‘ಅನುಮಾನ’: ಫೇ ಬದುಕಿದ್ದಾಳೇನೋ ಅನ್ನಿಸುವಂತೆ ದಾರಿ ತಪ್ಪಿಸಿದ್ದಾರೆ. ಸೀಸನ್ನಿನ ನಡುವೆ ಫ್ಯಾಷನ್ ವೀಕ್ ವೇದಿಕೆಯ ಮೇಲೆ ಆ ಬ್ಯಾಂಡೇಜಿನ ಒಳಗಿದ್ದ ಅಲೆಕ್ಸ್ ಈಗ ಅಲೆಕ್ಸಿಸ್ ಎಂಬ ಹೆಣ್ಣಾಗಿ ಎಲ್ಲರೆದುರು ಬಂದು ನಿಂತಾಗ ಒಂದೇ ಏಟಿಗೆ ಎಲ್ಲ ಮನೆಗಳೂ ‘ಗೊತ್ತು’ ಆಗಿಬಿಡುತ್ತವೆ. ಖಾಲಿಯಾದ ಗುಟ್ಟಿನ ಜಾಗಕ್ಕೆ ಅಲ್ಲೇ ಇನ್ನೊಂದನ್ನು ತುಂಬುತ್ತಾರೆ: ಫೇಯನ್ನು ಕೊಂದವರು ಯಾರು? ಆರೋಪ ಬ್ರಾಡ್‌ಫರ್ಡ್ ತಲೆಗೆ, ಒಪ್ಪಿಕೊಳ್ಳುವುದು ಹೆಂಡತಿ ಕ್ಲೇರ್. ಒಂದು ಮುಗಿಯುವ ಮೊದಲೇ ಮತ್ತೊಂದರ ತುದಿ ಎಳೆದಿಟ್ಟಿರುತ್ತಾರೆ. ಜಾಹೀರಾತು ಕಳೆದರೆ ಒಂದು ಕಂತಿಗೆ ಸಿಗುವುದು ಸುಮಾರು 42 ನಿಮಿಷ, ಅದರಲ್ಲಿ ಬೆಟ್ಟಿಯ ಆ ವಾರದ ಕೆಲಸ, ಮೀಡ್ ಮನೆತನದ ಸಂಚು, ಕ್ವೀನ್ಸ್‌ನ ಮನೆ ಮೂರೂ ಹಿಡಿಸಬೇಕು. ಸಂಚಿಗೆ ಸಿಗುವ ಸಮಯ ಕಡಿಮೆ ಇದ್ದಷ್ಟು ದಿನ ಅದು ಚುರುಕಾಗಿತ್ತು.

ಕ್ರಿಸ್ಟಿನಾಳ ಸಾಲು ಇದಕ್ಕಿಂತ ನೋವಿನದು. ಸ್ಕಾಟ್ಲೆಂಡಿನಿಂದ ಬಂದ ದರ್ಜಿ, ಆಫೀಸಿನಲ್ಲಿ ಬೆಟ್ಟಿಗೆ ಮೊದಲು ಒದಗಿದ ಗೆಳತಿ. ತನ್ನ ವಿನ್ಯಾಸಗಳನ್ನು ಫ್ಯಾಷನ್ ವೀಕ್‌ನಲ್ಲಿ ತೋರಿಸುವ ಆಸೆಗೆ ವಿಲ್ಹೆಲ್ಮಿನಾಳಿಗೆ ಸುದ್ದಿ ಮುಟ್ಟಿಸುತ್ತಾಳೆ. ಇದರಲ್ಲಿ ಕೆಡುಕಿಗಿಂತ ಹೆಚ್ಚಾಗಿ ಆಫೀಸಿನ ಅಂತಸ್ತಿನ ಲೆಕ್ಕವಿದೆ: ಕೆಳಗಿನ ಅಂತಸ್ತಿನವಳಿಗೆ ಮೇಲೆ ಹತ್ತಲು ಕೊಡಬಲ್ಲ ವಸ್ತು ಅಂತ ಇರುವುದು ಗೆಳತಿಯ ವಿಶ್ವಾಸ ಒಂದೇ. ವಿಲ್ಹೆಲ್ಮಿನಾ ಯಾರನ್ನೂ ಬರೀ ಹೆದರಿಸಿ ಕೊಳ್ಳುವುದಿಲ್ಲ. ಅವರಿಗೆ ನಿಜಕ್ಕೂ ಬೇಕಾದ್ದನ್ನೇ ಮುಂದಿಡುತ್ತಾಳೆ. ವನೆಸಾ ವಿಲಿಯಮ್ಸ್ ಆ ಪಾತ್ರವನ್ನು ಇಷ್ಟು ತಣ್ಣಗೆ ಮಾಡಿದ್ದರಿಂದಲೇ ಅದು ಕಾರ್ಟೂನ್ ಆಗಲಿಲ್ಲ. ವಾಂಡಾ ಎಂಬ ಹಳೆಯ ಹೆಸರು, ಸೆನೆಟರ್ ತಂದೆಯ ಮುಂದೆ ಕುಗ್ಗುವ ಮಗಳು, ತನ್ನ ಮಗಳು ನಿಕೊ ಮುಂದೆ ಸೋಲುವ ತಾಯಿ, ಇಷ್ಟನ್ನೂ ಅವಳ ಗುಟ್ಟುಗಳಾಗಿ ಇಟ್ಟು, ಅದನ್ನೆಲ್ಲ ಬಲ್ಲವನಾಗಿ ಮಾರ್ಕ್ ಒಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿದ್ದು ಜಾಣತನ.

ಕ್ವೀನ್ಸ್‌ನ ಮನೆಯಲ್ಲಿ ಇದೇ ಗುಟ್ಟಿನ ಗತಿ ಬೇರೆ. ಅಪ್ಪ ಇಗ್ನಾಸಿಯೊ ಬೇರೆಯವರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬಳಸುತ್ತಿದ್ದಾನೆ, ದಾಖಲೆಯಿಲ್ಲದ ವಲಸಿಗ. ಅದು ಗೊತ್ತಾಗುವುದು ಅವನ ಔಷಧಿಗೆ ವಿಮೆಯವರು ತಕರಾರು ತೆಗೆದಾಗ. ಇಲ್ಲಿ ಗುಟ್ಟನ್ನು ಯಾರೂ ಆಯುಧ ಮಾಡಿಕೊಳ್ಳುವುದಿಲ್ಲ. ಅಡುಗೆಮನೆಯ ಮೇಜಿನ ಸುತ್ತ ಕೂತು ಜಗಳವಾಡಿ, ಭಾರವನ್ನು ಎಲ್ಲರೂ ಹೊರುತ್ತಾರೆ. ಅದೇ ಮನೆಯ ಟಿವಿಯಲ್ಲಿ ಸದಾ ಓಡುವ ಉರಿಗಣ್ಣಿನ ಟೆಲಿನೊವೆಲಾ, ತನ್ನ ಮೂಲವನ್ನೇ ಸರಣಿ ಪ್ರೀತಿಯಿಂದ ಅಣಕಿಸುವ ರೀತಿ. ಎರಡನೇ ಸೀಸನ್ನಿನ ಮೊದಲ ಕಂತಿನಲ್ಲಿ ಅಕ್ಕ ಹಿಲ್ಡಾ ಮಲಗುವ ಕೋಣೆ ಬಿಟ್ಟು ಹೊರಗೆ ಬರದೆ ಜಸ್ಟಿನ್‌ನ ಅಪ್ಪ ಸಾಂಟೋಸ್ ಜೊತೆ ಮಾತಾಡುತ್ತಿರುತ್ತಾಳೆ. ಅವನು ಅಂಗಡಿಯ ದರೋಡೆಯಲ್ಲಿ ಆಗಲೇ ಸತ್ತಿದ್ದಾನೆಂದು ಕಂತಿನ ಕೊನೆಯಲ್ಲಿ ತಿಳಿಯುತ್ತದೆ. ಇಲ್ಲಿ ಬರಹಗಾರರು ಗುಟ್ಟನ್ನು ಪಾತ್ರಗಳಿಂದ ಬಚ್ಚಿಡಲಿಲ್ಲ, ನಮ್ಮಿಂದ ಬಚ್ಚಿಟ್ಟರು. ಮನೆಯವರಿಗೆಲ್ಲ ಗೊತ್ತಿತ್ತು.

ಹಳಿ ತಪ್ಪಿದ್ದು ಎಲ್ಲಿ? ಬ್ರಾಡ್‌ಫರ್ಡ್ ವಿಲ್ಹೆಲ್ಮಿನಾಳನ್ನು ಮದುವೆಯಾಗುವ ಹೊತ್ತಿಗೇ ಕುಸಿದು ಸಾಯುತ್ತಾನೆ, ಆಮೇಲೆ ಅವಳು ಅವನ ವೀರ್ಯದಿಂದ ವಾರಸುದಾರನನ್ನು ಪಡೆಯಲು ಕ್ರಿಸ್ಟಿನಾಳ ಗರ್ಭವನ್ನು ಬಾಡಿಗೆಗೆ ಹಿಡಿಯುತ್ತಾಳೆ. ಕ್ರಿಸ್ಟಿನಾ ಒಪ್ಪುವುದು ಕಾಯಿಲೆ ಬಿದ್ದ ಗಂಡನ ಚಿಕಿತ್ಸೆಯ ಹಣಕ್ಕೆ. ಇಲ್ಲಿಯವರೆಗೆ ಗಟ್ಟಿ. ಮೂರನೇ ಸೀಸನ್ನಿನಲ್ಲಿ ಅವಳನ್ನು ಮೆಟ್ಟಿಲಿನಿಂದ ತಳ್ಳಿದವರು ಯಾರು, ಮಗು ಯಾರದು ಎಂದು ಎಳೆದೆಳೆದು, ಕೊನೆಗೆ ಮಗು ಕ್ರಿಸ್ಟಿನಾ ದಂಪತಿಯದೇ ಎಂದಾಗ ಆವರೆಗಿನ ಗುಟ್ಟೆಲ್ಲ ನೀರಿನಲ್ಲಿ ಹೋಮ. ಮಗು ಯಾರದೆಂಬುದರಿಂದ ಬೆಟ್ಟಿಯ ಯಾವ ಸ್ನೇಹಕ್ಕೂ ಏನೂ ಆಗುವುದಿಲ್ಲ, ತೊಂದರೆ ಅದೇ. ಈ ನಡುವೆ ನವೆಂಬರ್ 2007ರಿಂದ ಫೆಬ್ರವರಿ 2008ರವರೆಗೆ ಬರಹಗಾರರ ಮುಷ್ಕರ ನಡೆದು ಎರಡನೇ ಸೀಸನ್ 18 ಕಂತಿಗೆ ನಿಂತಿತು. ಮೊದಲನೆಯದರಲ್ಲಿ 23 ಇದ್ದವು. ಮೂರನೆಯ ಸೀಸನ್ನಿನಿಂದ ಚಿತ್ರೀಕರಣ ಲಾಸ್ ಏಂಜಲಿಸ್‌ನಿಂದ ನ್ಯೂಯಾರ್ಕಿಗೆ ಬಂತು. ಬೀದಿಗಳು ನಿಜವಾದವು, ಕಥೆ ಮಾತ್ರ ಸ್ವಲ್ಪ ಕಾಲ ತಡವರಿಸಿತು.

ನಾಲ್ಕನೆಯದರಲ್ಲಿ ಮತ್ತೆ ಹದಕ್ಕೆ ಬರಲು ಕಾರಣ ಪೈಪೋಟಿಯನ್ನು ಸಮಾನರ ನಡುವೆ ತಂದದ್ದು. ಬೆಟ್ಟಿ, ಮಾರ್ಕ್ ಇಬ್ಬರೂ ಒಂದೇ ಸಂಪಾದಕ ಹುದ್ದೆಗೆ ಕಣ್ಣಿಟ್ಟಿದ್ದರು, ಸಿಕ್ಕಿದ್ದು ಬೆಟ್ಟಿಗೆ. ಮಾರ್ಕ್‌ನ ಸಿಟ್ಟಿನಲ್ಲಿ ಈಗ ಅಣಕವಿಲ್ಲ, ನ್ಯಾಯವಾದ ಹೊಟ್ಟೆಯುರಿ ಇದೆ. ಆದರೂ ಬೆಳೆದ ಜಸ್ಟಿನ್‌ಗೆ ತನ್ನ ವಿಷಯವನ್ನು ಯಾರ ಹತ್ತಿರ ಹೇಳಿಕೊಳ್ಳುವುದೆಂದು ತೋಚದೆ ಇದ್ದಾಗ ಒದಗುವವನು ಮಾರ್ಕ್. ಮನೆಯವರು ಸಂಭ್ರಮದಿಂದ ಅದನ್ನು ಘೋಷಿಸಲು ಹೊರಟರೆ ಬೇಡ, ಅವನೇ ಹೇಳಲಿ ಎಂದು ತಡೆಯುವವನೂ ಅವನೇ. ಹಿಲ್ಡಾಳ ಮದುವೆಯಲ್ಲಿ ಜಸ್ಟಿನ್ ಒಂದು ಮಾತೂ ಆಡದೆ ತಾನು ಮೆಚ್ಚಿದ ಹುಡುಗ ಆಸ್ಟಿನ್‌ನ ಕೈ ಹಿಡಿದು ಕುಣಿಯಲು ಇಳಿಯುತ್ತಾನೆ. 18ನೇ ಕಂತಿನ ಆ ಊಟ ನೋಡದವರಿಗೆ ಈ ದೃಶ್ಯ ಅರ್ಧವೇ ದಕ್ಕುತ್ತದೆ.

ಪೂರ್ತಿ ನೋಡಲು ಪುರಸೊತ್ತಿಲ್ಲದವರು ಮೊದಲ ಸೀಸನ್ ಇಡಿಯಾಗಿ ನೋಡಿ, ಎರಡನೆಯದರ ಮೊದಲ ಕಂತು ನೋಡಿ, ಮೂರನೆಯದರಲ್ಲಿ ಮಗುವಿನ ಗೊಂದಲ ಬರುವ ಕಡೆ ಓಡಿಸಿ, ನಾಲ್ಕನೆಯದಕ್ಕೆ ಬನ್ನಿ. ಹಣಕಾಸು ಅಧಿಕಾರಿ ಕಾನರ್ ಕಂಪನಿಯ ದುಡ್ಡು ಹೊಡೆದದ್ದು ಮಾತ್ರ ತಿಳಿದಿರಲಿ, ಇಲ್ಲದಿದ್ದರೆ ಕಂಪನಿಗೆ ಹಣ ಹೂಡಿದ ಹಾರ್ಟ್ಲಿ ಮನೆಯವರು ಎಲ್ಲಿಂದ ಬಂದು ತಳವೂರಿದರು ಎಂದು ತಲೆಬುಡ ಅರ್ಥವಾಗದು.