ರೈಲಿನಲ್ಲಿ ಹ್ಞೂಂ ಅಂದದ್ದು

ಸುಗುಣಾ ಅನ್ನುವ ನನ್ನ ಹೆಸರಲ್ಲಿ ಗುಟ್ಟು ಬಿಟ್ಟುಕೊಡುವಂಥದ್ದೇನೂ ಇಲ್ಲ. ಹಣೆಗೆ ಕುಂಕುಮವಿಲ್ಲದ್ದನ್ನು ಬೆಂಗಳೂರಲ್ಲಿ ಈಗ ಯಾರೂ ಗಮನಿಸುವುದಿಲ್ಲ. ಹಾಗಾಗಿ ನಾನು ಕ್ರೈಸ್ತಳೆಂದು ಆಫೀಸಿನವರಿಗೆ ಗೊತ್ತಾಗುವುದು ಡಿಸೆಂಬರಿನಲ್ಲಿ, ರಜೆ ಅರ್ಜಿ ಕೊಟ್ಟಾಗ. ಗೊತ್ತಾದ ಕೂಡಲೇ ಒಬ್ಬರಾದರೂ ಅನ್ನುತ್ತಾರೆ: "ಹೌದಾ? ಕನ್ನಡ ಇಷ್ಟು ಚೆನ್ನಾಗಿ ಮಾತಾಡ್ತೀರಲ್ಲ!" ಅಲ್ಲಿ ನನ್ನ ಕೆಲಸ ಕರಡು ತಿದ್ದುವುದು. ಅವರ ಕನ್ನಡವನ್ನು ದಿನಾ ತಿದ್ದುವವಳು ನಾನೇ.

ಆಗೆಲ್ಲ ಆಧಾರ್ ಕಾರ್ಡ್ ತೆಗೆದ ಹಾಗೆ ಜರ್ಮನ್ ಪಾದ್ರಿ ಕಿಟೆಲ್‌ರನ್ನು ಹೊರಗೆ ತೆಗೆಯುತ್ತೇನೆ. ಅವರ 1894ರ ಕನ್ನಡ ನಿಘಂಟು, 70,000ದಷ್ಟು ಪದ. ಅದೂ ಸಾಲದಿದ್ದರೆ ಇನ್ನೊಬ್ಬ ಪಾದ್ರಿ ಮೋಗ್ಲಿಂಗ್ 1843ರಲ್ಲಿ ಶುರುಮಾಡಿದ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ'. ಕೇಳಿದವರು ತಲೆದೂಗುತ್ತಾರೆ, ನಾನೂ ಉಬ್ಬುತ್ತೇನೆ. ಆದರೆ ಕಿಟೆಲ್ ನಮ್ಮ ಅಜ್ಜ ಅಲ್ಲವಲ್ಲ. ನಮ್ಮಜ್ಜ ಗದಗಿನ ಪಕ್ಕದ ಬೆಟಗೇರಿಯಲ್ಲಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಅವನ ಹತ್ತಿರ ಇದ್ದ ಪುಸ್ತಕ ಎರಡೇ, ಸತ್ಯವೇದ ಮತ್ತು ಗೀತೆಪುಸ್ತಕ. ಅವನ ಸುದ್ದಿಯನ್ನು ಆಫೀಸಿನಲ್ಲಿ ಒಮ್ಮೆಯೂ ಎತ್ತಿಲ್ಲ.

ಕೇಕಿನದೂ ಇದೇ ಕತೆ. ನಮ್ಮನೆಯಲ್ಲಿ ಕ್ರಿಸ್‌ಮಸ್ ಅಂದರೆ ಕರ್ಚಿಕಾಯಿ, ಶೇಂಗಾ ಉಂಡಿ, ಚಕ್ಕಲಿ. ಆಫೀಸಿನವರು ಕೇಳುವುದು ಪ್ಲಮ್ ಕೇಕ್. ಎರಡು ವರ್ಷ ಬೇಕರಿಯಿಂದ ತಂದು, ಸ್ಟೀಲ್ ಡಬ್ಬಿಗೆ ಹಾಕಿ, "ಮನೇಲೇ ಮಾಡಿದ್ದು" ಅಂದಿದ್ದೇನೆ. ಇದನ್ನು ಓದುತ್ತಿರುವ ಸಹೋದ್ಯೋಗಿಗಳು ಕ್ಷಮಿಸಬೇಕು.

ಹೇಳಬೇಕೆಂದದ್ದು ಮಾತ್ರ ಕಳೆದ ತಿಂಗಳ ರೈಲಿನದು. ಊರಿಗೆ ಹೊರಟಿದ್ದೆ. ರಾಣೆಬೆನ್ನೂರು ದಾಟಿತ್ತು. ಮಾಸಿದ ಬಿಳಿ ಅಂಗಿಯ ಒಬ್ಬಾತ ಎದ್ದು ನಿಂತು, ಕರ್ತನು ಬೇಗ ಬರುತ್ತಾನೆ ಎಂದು ಜೋರಾಗಿ ಹೇಳುತ್ತ ಕರಪತ್ರ ಹಂಚತೊಡಗಿದ. ನನ್ನ ಕೈಗೂ ಒಂದು ಬಂತು. ಮೊದಲ ಸಾಲಿನಲ್ಲೇ 'ಆಶಿರ್ವಾದ'. ಮುಖ ಕಿವಿತನಕ ಬಿಸಿಯಾಯಿತು. ಅವನು ಸಾರಿದ್ದಕ್ಕೋ, ಆ ದೀರ್ಘವಿಲ್ಲದ ಶಿಕಾರಕ್ಕೋ, ಇವತ್ತಿಗೂ ಬಗೆಹರಿದಿಲ್ಲ.

ಎದುರಿಗೆ ಕೂತಿದ್ದ ಹಿರಿಯರು ಕರಪತ್ರ ಮುದ್ದೆಮಾಡಿ, "ಏನ್ ಕೆಲಸಿಲ್ಲ ನೋಡ್ರಿ ಈ ಮಂದಿಗೆ" ಅಂದರು.

"ಹೌದ್ರಿ" ಅಂದೆ.

ಅಷ್ಟರಲ್ಲಿ ಅವ್ವನ ಫೋನು. ಪ್ರಯಾಣದಲ್ಲಿದ್ದೇನೆಂದರೆ ಅವಳು ಫೋನಿನಲ್ಲೇ ಪ್ರಾರ್ಥನೆ ಮಾಡುತ್ತಾಳೆ, ಎಂಜಿನ್ ಡ್ರೈವರನ್ನೂ ಬಿಡದೆ. ಕೊನೆಗೆ ನಾನು ಆಮೆನ್ ಅನ್ನುವುದು ವಾಡಿಕೆ. ಹಿರಿಯರು ನನ್ನನ್ನೇ ನೋಡುತ್ತಿದ್ದರು. ನಾನು "ಹ್ಞೂಂ, ಹ್ಞೂಂ" ಅಂದೆ. ಅವ್ವ ಕಾದಳು. ಇನ್ನೊಮ್ಮೆ "ಹ್ಞೂಂ" ಅಂದು ಇಟ್ಟೆ.

ಕರಪತ್ರದವನು ಬೈಗಳೆಲ್ಲ ತಿಂದು ಮುಗಿಸಿ, ಬಾಗಿಲ ಹತ್ತಿರ ಕೂತು ಬುತ್ತಿ ಬಿಚ್ಚಿದ. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಆಮೇಲೆ ರೊಟ್ಟಿ ಮುರಿದ. ಊಟಕ್ಕೆ ಮುಂಚೆ ನಮ್ಮಜ್ಜನೂ ಹಾಗೇ, ಸದ್ದಿಲ್ಲದೆ. ನಾನೂ ಅವ್ವ ಹೇಳಿದ್ದಳೆಂದು ಚಪಾತಿ ಕಟ್ಟಿಕೊಂಡು ಬಂದಿದ್ದೆ. ಗದಗ ಬರುವ ತನಕ ಬಿಚ್ಚಲಿಲ್ಲ.

ಮನೆ ಮುಟ್ಟಿದಾಗ ಅವ್ವ ಡಬ್ಬಿಯ ಭಾರ ನೋಡಿ, "ಉಂಡಿಲ್ಲಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆಮೆನ್ ಕೇಳಿಸಲಿಲ್ಲ. ಅಲ್ಲಿ ಸಿಗ್ನಲ್ ಇರಲಿಲ್ಲೇನ?"

"ಇರಲಿಲ್ಲವ್ವಾ" ಅಂದೆ.